ಎರಡಕ್ಷರದ ಬಾಲ

ಶಿಡ್ಲಘಟ್ಟದಲ್ಲಿ ಬಸ್ಸಿಳಿದ ಕೂಡಲೇ ರೇಷ್ಮೆಗೂಡು ಬೇಯುವ ವಾಸನೆ ಮೂಗಿಗೆ ಬಡಿಯುತ್ತದೆ. ಹೋದ ತಿಂಗಳು ಪರೀಕ್ಷಾ ಕೆಲಸಕ್ಕೆಂದು ಚಿಂತಾಮಣಿಯಿಂದ ಅಲ್ಲಿಗೆ ಹೋಗಿದ್ದೆ. ಜೊತೆಯಲ್ಲಿದ್ದ ನಮ್ಮ ಕಾಲೇಜಿನ ಇನ್ನೊಬ್ಬ ಅಧ್ಯಾಪಕಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಅಯ್ಯಪ್ಪಾ, ಹೆಂಗಿರ್ತಾರೋ ಈ ಊರಲ್ಲಿ!" ಎಂದರು. ನಾನು ಹುಟ್ಟಿ ಬೆಳೆದದ್ದು ಅದೇ ಊರಿನಲ್ಲಿ ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಬೇಕೆಂದೇ ಇನ್ನೊಂದು ಸಲ ಜೋರಾಗಿ ಉಸಿರೆಳೆದುಕೊಂಡೆ. ಆ ವಾಸನೆ ಬಂದರೆ ನನಗೆ ಒಂದು ಕಿರಿದಾದ ಮಹಡಿ ಮೆಟ್ಟಿಲು, ಅದರ ಮೇಲಿನ ಉದ್ದನೆಯ ಕೋಣೆ, ಸಾಲಾಗಿ ಕೂತ ಹಳೆಯ ಕಂಪ್ಯೂಟರುಗಳು, ಅವುಗಳ ನಡುವೆ ಹವಾಯಿ ಚಪ್ಪಲಿ ಸದ್ದು ಮಾಡುತ್ತ ಓಡಾಡುವ ಮೇಡಂ... ಎಲ್ಲ ಒಟ್ಟಿಗೆ ಬರುತ್ತವೆ.

ಆ ಕೋಣೆಯ ಕಂಪ್ಯೂಟರ್ ಕೇಂದ್ರ ಈಗ ದೊಡ್ಡ ಸಂಸ್ಥೆಯಾಗಿದೆ. ಸ್ವಂತ ಕಟ್ಟಡ, ಗೇಟಿನಲ್ಲಿ ಕಾವಲುಗಾರ. ಅದರ ಬೆಳ್ಳಿಹಬ್ಬದ ಸ್ಮರಣಸಂಚಿಕೆಗೆ ಹಳೆಯ ಸಿಬ್ಬಂದಿಯಿಂದ ಲೇಖನ ಬೇಕಂತೆ. "ಎರಡು ಪುಟ ಸಾಕು, ಸಿಹಿನೆನಪುಗಳು" ಎಂದು ಸಂಪಾದಕರು ಕೇಳಿದರು. ಜೊತೆಗೆ ಸಂಸ್ಥೆಯ ಇತಿಹಾಸ ಬರೆದಿದ್ದ ಹಾಳೆಗಳನ್ನೂ ಓದಲು ಕೊಟ್ಟರು. ಅದರಲ್ಲೊಂದು ಸಾಲು: ಆರಂಭದ ದಿನಗಳಲ್ಲಿ ಸಿಬ್ಬಂದಿಯೊಬ್ಬರ ಬೇಜವಾಬ್ದಾರಿಯಿಂದ ಪರೀಕ್ಷೆಯೇ ನಿಂತುಹೋದ ಸಂಕಷ್ಟವನ್ನೂ ಸಂಸ್ಥೆ ದಾಟಿ ಬಂದಿದೆ. ಓದಿ ಮೈಯೆಲ್ಲ ಉರಿದುಹೋಯಿತು. ಆ ಸಿಬ್ಬಂದಿ ಯಾರೆಂದು ತಮಗೆ ಗೊತ್ತಿದೆ ಎಂದು ಬರೆದವರು ಅಂದುಕೊಂಡಿದ್ದಾರೆ. ಗೊತ್ತಿಲ್ಲ. ನೀವು ಕೇಳಿದ ಲೇಖನ ಇದೇ. ಸಿಹಿಯನ್ನು ಮಾತ್ರ ಇದರಲ್ಲಿ ಹುಡುಕಬೇಡಿ.

ತೊಂಬತ್ತೊಂಬತ್ತನೇ ಇಸವಿ. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಆ ಕೇಂದ್ರದಲ್ಲಿ ಕಿರಿಯ ಬೋಧಕಿಯ ಕೆಲಸ ಸಿಕ್ಕಿತು. ಮನೆಯಲ್ಲಿ ಆಗಲೇ ಗಂಡು ನೋಡಲು ಶುರುಮಾಡಿದ್ದರು. ಕೆಲಸ ಇದ್ದದ್ದರಿಂದ "ಈ ವರ್ಷ ಬೇಡ" ಎನ್ನಲು ನನಗೊಂದು ನೆಪ ಇತ್ತು. ಆ ನೆಪವೊಂದೇ ನನ್ನ ಬೆನ್ನಿಗಿದ್ದ ಗೋಡೆ. ಇದು ಮೇಡಂಗೂ ಗೊತ್ತಿತ್ತು, ನಾನೇ ಹೇಳಿದ್ದೆ.

ಮೇಡಂ ಅಲ್ಲಿನ ಹಿರಿಯ ಬೋಧಕಿ. ನಲವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. ದಿನಾ ಎಂಟೂಮುಕ್ಕಾಲಿನ ಬಸ್ಸಿಗೆ ಹಳ್ಳಿಯಿಂದ ಬರುತ್ತಿದ್ದರು. ಕೇಂದ್ರದಲ್ಲಿ ಒಂದೇ ಒಂದು ದೊಡ್ಡ ಮೆಷೀನು. ವಿದ್ಯಾರ್ಥಿಗಳು ಕೂರುವ ಆರಕ್ಕೆ ಸ್ವಂತ ಡಿಸ್ಕೇ ಇರಲಿಲ್ಲ, ಎಲ್ಲವೂ ದೊಡ್ಡದನ್ನು ನೆಚ್ಚಿಕೊಂಡು ಏಳಬೇಕು. ಯಾರೋ ಬೇಡವೆಂದು ಬಿಸಾಡಿದ ಪೆಟ್ಟಿಗೆಗಳನ್ನು ತರಿಸಿ, ಪುಕ್ಕಟೆ ಸಿಗುವ ಲಿನಕ್ಸ್ ಎಂಬ ಸಿಸ್ಟಮ್ಮು ಹಾಕಿ, ಅವಕ್ಕೆ ಜೀವ ಕೊಟ್ಟವರು ಮೇಡಂ. ಕೇಂದ್ರ ನಡೆಸುತ್ತಿದ್ದ ಟ್ರಸ್ಟಿನ ಕಾರ್ಯದರ್ಶಿಗಳಿಗೆ ಇದು ರುಚಿಸುತ್ತಿರಲಿಲ್ಲ. ಕಳ್ಳ ಸಿ.ಡಿ.ಯಲ್ಲಾದರೂ ಸರಿ, ಊರಿನವರೆಲ್ಲ ಹೆಸರು ಕೇಳಿದ ಸಿಸ್ಟಮ್ಮೇ ಬೇಕು ಅವರಿಗೆ. "ಪುಕ್ಕಟೆ ಸಿಗೋದ್ನ ಕಲಿಸಿ ಸರ್ಟಿಫಿಕೇಟ್ ಕೊಡೋದು ಹೆಂಗೆ ಮೇಡಂ?" ಎಂದು ಬಂದಾಗಲೆಲ್ಲ ಕೇಳುವರು. ಮೇಡಂ ನಕ್ಕು ಕೆಲಸ ಮುಂದುವರಿಸುವರು.

ನನಗೆ ಮೊದಮೊದಲು ಎಲ್ಲವೂ ಗೋಜಲು. ಸಿಸ್ಟಮ್ಮಿನ ತಿರುಳಿಗೆ ಕರ್ನಲ್ ಎನ್ನುತ್ತಾರೆ, ಅದಕ್ಕೆ ಹೆಸರಿಲ್ಲ, ಬರೀ ಸಂಖ್ಯೆ: ಎರಡು-ಎರಡು-ಹದಿಮೂರು, ಎರಡು-ಮೂರು-ಇಷ್ಟು. ದೊಡ್ಡ ಸಂಖ್ಯೆ ತಾನೇ ಹೊಸದು, ಅದನ್ನೇ ಹಾಕಿಬಿಡೋಣ ಎಂದೆ ಒಂದು ದಿನ. ನಮ್ಮದು ರೇಷ್ಮೆ ಹುಳ ಸಾಕುವ ಮನೆ ಎಂದು ಮೇಡಂಗೆ ಗೊತ್ತಿತ್ತಲ್ಲ, ಹುಳದಿಂದಲೇ ಶುರುಮಾಡಿದರು.

"ನೋಡಮ್ಮ, ಮಧ್ಯದ ಸಂಖ್ಯೆ ಬೆಸ ಬಂತು ಅಂದ್ರೆ ಹುಳ ಜ್ವರಕ್ಕೆ ಕೂತಿದೆ ಅಂತ. ಪೊರೆ ಬಿಡ್ತಾ ಇರ್ತದೆ. ಆಗ ಸೊಪ್ಪು ಹಾಕ್ತೀಯಾ? ಇಲ್ಲ ತಾನೆ. ಸುಮ್ನೆ ನೋಡ್ಕೊಂಡಿರ್ಬೇಕು. ಸರಿ ಸಂಖ್ಯೆ ಅಂದ್ರೆ ಜ್ವರದಿಂದ ಎದ್ದಿದೆ. ಧೈರ್ಯವಾಗಿ ಸೊಪ್ಪು ಹಾಕು."

ಅಷ್ಟೇ. ಆಮೇಲೆ ನಾನು ಅದನ್ನು ಮರೆಯಲಿಲ್ಲ. ಎರಡು-ಮೂರು ಎಂದರೆ ಪ್ರಯೋಗದ್ದು, ಬರೆಯುವವರೇ ಇನ್ನೂ ಕಿತ್ತು ಕಟ್ಟುತ್ತಿರುವುದು. ಎರಡು-ಎರಡು ಎಂದರೆ ನಂಬಿ ಕೆಲಸಕ್ಕೆ ಇಳಿಸಬಹುದಾದದ್ದು. ಇವೆರಡರ ನಡುವೆ ಇನ್ನೊಂದು ಜಾತಿ ಇತ್ತು: ಪ್ಯಾಚು, ಅಂದರೆ ತೇಪೆ. ನಂಬಿಕಸ್ತ ಕರ್ನಲ್ಲಿನ ಮೇಲೆ ಯಾರೋ ಒಬ್ಬರು ತಮಗೆ ಸರಿಕಂಡ ಹೊಸ ತೇಪೆಗಳನ್ನು ಹಚ್ಚಿ, ಬೇಕಾದವರು ಪರೀಕ್ಷೆ ಮಾಡಿ ನೋಡಿ ಎಂದು ಜಗತ್ತಿಗೆ ಬಿಡುವರು. ಹಾಗೆ ಬಿಡುವವರು ಸಂಖ್ಯೆಯ ಕೊನೆಗೊಂದು ಅಡ್ಡಗೆರೆ ಎಳೆದು ತಮ್ಮ ಹೆಸರಿನ ಎರಡಕ್ಷರ ಸೇರಿಸುವರು, ಪಕ್ಕದಲ್ಲಿ ಅದು ಎಷ್ಟನೆಯ ಕಟ್ಟು, ಅಂದರೆ ಎಷ್ಟನೆಯ ಸಲ ಕಟ್ಟಿದ್ದು, ಎಂಬ ಸಂಖ್ಯೆ. ಮೇಡಂ ಅದಕ್ಕೆ ಬಾಲ ಎನ್ನುತ್ತಿದ್ದರು.

ಮೇಡಂ ಕಟ್ಟಿದ ಕರ್ನಲ್ಲುಗಳಿಗೂ ಬಾಲ ಇತ್ತು. ಅವರದೇ ಎರಡಕ್ಷರ. ಕಿಟಕಿ ಪಕ್ಕದಲ್ಲಿ ಒಂಟಿಯಾಗಿ ಇನ್ನೊಂದು ಮೆಷೀನಿತ್ತು, ಪ್ರಯೋಗಕ್ಕೇ ಮೀಸಲು. ನಾನು ಸೇರುವಾಗ ಅದರ ಬಾಲ ಏಳಕ್ಕೆ ಬಂದಿತ್ತು. ಅಲ್ಲೆಲ್ಲೋ ಕೂತ ಮಹಾ ಮಹಾ ಬುದ್ಧಿವಂತರು ಹಾಕಿಕೊಳ್ಳುವ ಬಾಲವನ್ನು ಶಿಡ್ಲಘಟ್ಟದ ಮೇಡಂ ಹಾಕಿಕೊಂಡರೆ ನಗುವುದಿಲ್ಲವೇ ಎಂದು ನನಗೆ ಅನುಮಾನ. ಕೇಳಿಯೂ ಬಿಟ್ಟೆ.

"ಯಾಕೆ ನಗ್ತಾರೆ? ಅವರ ಕೈಯಲ್ಲೂ ಕೆಡ್ತದೆ, ನನ್ನ ಕೈಯಲ್ಲೂ ಕೆಡ್ತದೆ. ಕೆಟ್ಟಾಗ ಯಾರ್ನ ಕೇಳ್ಬೇಕು ಅಂತ ಗೊತ್ತಿರ್ಬೇಕು ಕಣಮ್ಮ."

ಆಮೇಲೆ ತಮ್ಮ ತಾಯಿಯ ಮಾತು ತೆಗೆದರು. ತಾಯಿ ಬೇರೆಯವರ ತೋಟದಲ್ಲಿ ಸೊಪ್ಪು ಕೊಯ್ಯುವವರು. ಹೊರೆ ಹೊತ್ತು ತಂದು ಹುಳದ ಮನೆಯ ಹೊಸಿಲಾಚೆ ಇಳಿಸಬೇಕು, ಒಳಗೆ ಕಾಲಿಡುವಂತಿಲ್ಲ. ಹುಳಕ್ಕೆ ರೋಗ ಬರುತ್ತೆ ಎಂದು ಹೇಳುತ್ತಿದ್ದರಂತೆ. ಆದರೆ ಸಾಹುಕಾರರ ನೆಂಟರಿಷ್ಟರು ಬಂದಾಗ ಆ ಹುಳಕ್ಕೆ ಯಾವ ರೋಗವೂ ಬರುತ್ತಿರಲಿಲ್ಲ. ಹುಳದ ಮೊಟ್ಟೆ ಬರುವ ಹಾಳೆಯ ಮೂಲೆಯಲ್ಲಿ ತಳಿಯ ಹೆಸರು, ಮಾರುಕಟ್ಟೆಗೆ ಹೋದ ಗೂಡಿಗೆ ಸಾಹುಕಾರರ ಹೆಸರು. "ಅಮ್ಮ ಹೊತ್ತ ಸೊಪ್ಪಿಗೆ ಮಾತ್ರ ಯಾರ ಹೆಸರೂ ಇರ್ಲಿಲ್ಲ" ಎಂದರು ಮೇಡಂ. ಜ್ವರದ ಲೆಕ್ಕವನ್ನೆಲ್ಲ ಅವರು ಕಲಿತದ್ದು ಆ ಹೊಸಿಲಾಚೆ ನಿಂತೇ. ನನಗೆ ತಲೆ ಎತ್ತಲಾಗಲಿಲ್ಲ. ಅಂಥದೇ ಹೊಸಿಲು ನಮ್ಮ ಮನೆಯಲ್ಲೂ ಇತ್ತು.

ಅವರು ಏಳರಿಂದ ಹನ್ನೊಂದರವರೆಗೆ ಬಾಲ ಬೆಳೆಸಿದ್ದು ಒಂದೇ ಕಾರಣಕ್ಕೆ. ಕರೆಂಟು. ನಮ್ಮೂರಿನಲ್ಲಿ ಅದು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳುವವರೇ ಇರಲಿಲ್ಲ. ಒಂದು ಸಲ ಹೋಗಿ ಬಂದರೆ ದೊಡ್ಡ ಮೆಷೀನು ತನ್ನ ಡಿಸ್ಕನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ತಡವಿ ನೋಡಿಕೊಂಡೇ ಏಳಬೇಕು. ಅರ್ಧ ಗಂಟೆ. ಒಂದು ತರಗತಿಯೇ ಹೋಯಿತು. ಮೆಷೀನು ತಾನು ಏನು ಬರೆಯಲು ಹೊರಟೆ ಎಂದು ಮೊದಲು ಡಿಸ್ಕಿನ ಒಂದು ಮೂಲೆಯಲ್ಲಿ ಗುರುತು ಹಾಕಿಕೊಂಡು ಆಮೇಲೆ ಬರೆಯುವಂತೆ ಮಾಡುವ ತೇಪೆಯೊಂದು ಆಗಷ್ಟೇ ಬಂದಿತ್ತು. ಅದು ಕೆಲಸ ಮಾಡಿದರೆ ಮೆಷೀನು ಕ್ಷಣದಲ್ಲಿ ಏಳುತ್ತದೆ. ಆದರೆ ಅದಿನ್ನೂ ಪ್ರಯೋಗದ ತೇಪೆ. ಮೇಡಂ ಹದಿನೈದು ದಿನಕ್ಕೊಮ್ಮೆ ಬೆಂಗಳೂರಿನ ಪರಿಚಯದವರೊಬ್ಬರಿಂದ ಹೊಸ ತೇಪೆಯನ್ನು ಫ್ಲಾಪಿಯಲ್ಲಿ ತುಂಬಿಸಿಕೊಂಡು ಬರುವರು. ಕಿಟಕಿ ಪಕ್ಕದ ಮೆಷೀನಿಗೆ ಹಚ್ಚುವರು. ಕರೆಂಟ್ ಇದ್ದಾಗಲೇ ತಾವೇ ಪ್ಲಗ್ಗು ಕಿತ್ತು ಆರಿಸುವರು. ಎದ್ದರೆ ನೋಟ್ ಪುಸ್ತಕದಲ್ಲಿ ಒಂದು ಗುರುತು, ಏಳದಿದ್ದರೆ ಇನ್ನೊಂದು. ಒಮ್ಮೆ ಪ್ಲಗ್ಗು ಕೀಳುವಾಗಲೇ ಕಾರ್ಯದರ್ಶಿಗಳು ಬಂದುಬಿಟ್ಟರು. "ಏನ್ ಮೇಡಂ, ಕೈಯಾರೆ ಕೆಡಿಸ್ತಾ ಇದೀರ?" ಎಂದು ಹೌಹಾರಿದರು. ಆ ದಿನದಿಂದ ಅವರ ಬಾಯಲ್ಲಿ ಅದೇ ಮಾತು: ಆಯಮ್ಮ ಕೈಯಾರೆ ಕೆಡಿಸ್ತಾರೆ.

ಪ್ರಾಯೋಗಿಕ ಪರೀಕ್ಷೆ ಒಂದು ಸೋಮವಾರಕ್ಕೆ ನಿಗದಿಯಾಯಿತು. ಬೆಂಗಳೂರಿನಿಂದ ಪರೀಕ್ಷಕರು ಬರುವವರಿದ್ದರು. ನಲವತ್ತು ವಿದ್ಯಾರ್ಥಿಗಳು. ಕಿಟಕಿ ಪಕ್ಕದ ಮೆಷೀನಿನಲ್ಲಿ ಹನ್ನೊಂದನೆಯ ಕಟ್ಟು ಚೆನ್ನಾಗಿ ಓಡುತ್ತಿತ್ತು. ಅದನ್ನೇ ದೊಡ್ಡ ಮೆಷೀನಿಗೂ ಹಾಕೋಣ, ಪರೀಕ್ಷೆಯ ನಡುವೆ ಕರೆಂಟ್ ಹೋದರೂ ಚಿಂತೆಯಿಲ್ಲ ಎಂದು ಕೇಳಿದೆ. ಮೇಡಂ ಒಪ್ಪಲಿಲ್ಲ. "ಹನ್ನೊಂದು ಇನ್ನೂ ಜ್ವರದಲ್ಲಿದೆ ಕಣೇ" ಎಂದರು.

ಭಾನುವಾರ ಕೇಂದ್ರದ ಬೀಗದ ಕೈ ನನ್ನ ಹತ್ತಿರ ಇತ್ತು. ಕುರ್ಚಿ ಬೆಂಚು ಜೋಡಿಸಲು ಬೆಳಿಗ್ಗೆ ಒಬ್ಬಳೇ ಹೋದೆ. ಜೋಡಿಸಿದ್ದೂ ಆಯಿತು. ಆಮೇಲೆ ಮೇಡಂ ಡ್ರಾಯರಿನಿಂದ ಫ್ಲಾಪಿ ತೆಗೆದೆ... ಯಾರ ಒತ್ತಾಯವೂ ಇರಲಿಲ್ಲ. ನನ್ನಿಂದಲೂ ಆಗುತ್ತದೆ ಎಂದು ತೋರಿಸಬೇಕಿತ್ತು, ಅಷ್ಟೇ.

ದೊಡ್ಡ ಮೆಷೀನಿಗೆ ತೇಪೆ ಹಚ್ಚಿದೆ. ಕಟ್ಟಲು ಶುರುಮಾಡುವ ಮೊದಲು ಒಂದು ಕಡತದ ತಲೆಯಲ್ಲಿ ನಾಲ್ಕು ಸಾಲು ನೋಡಬೇಕು: ಎರಡು, ಎರಡು, ಹದಿಮೂರು, ನಾಲ್ಕನೆಯದು ಬಾಲ. ದೊಡ್ಡ ಮೆಷೀನಿನಲ್ಲಿ ಓಡುತ್ತಿದ್ದದ್ದು ತೇಪೆಯಿಲ್ಲದ ಮೂಲ ಕರ್ನಲ್, ಹಾಗಾಗಿ ಬಾಲದ ಸಾಲು ಖಾಲಿ ಇತ್ತು. ಅಲ್ಲಿ ಕೈ ನಿಂತಿತು. ಮೇಡಂ ಹೆಸರು ಹಾಕಿದರೆ ಸುಳ್ಳಾಗುತ್ತದೆ. ನನ್ನ ಹೆಸರು ಹಾಕಲು ನಾಚಿಕೆ. ನಿಜ ಹೇಳಬೇಕೆಂದರೆ ಭಯ. ಕೆಟ್ಟರೆ ಎಲ್ಲ ಪರದೆಗಳ ಮೇಲೂ ನನ್ನ ಎರಡಕ್ಷರ ಕಾಣುತ್ತದಲ್ಲ. ಆ ಸಾಲನ್ನು ಖಾಲಿ ಬಿಟ್ಟು ಮುಂದೆ ಹೋದೆ.

ಅದೇ ತಪ್ಪು. ಕರ್ನಲ್ಲಿನ ಜೊತೆಗೆ ಅದರ ಬಿಡಿಭಾಗಗಳೂ ಇರುತ್ತವೆ. ಆರು ಮೆಷೀನುಗಳಿಗೆ ಹೋಗುವ ತಂತಿಯನ್ನು ನಡೆಸುವ ಭಾಗವೂ ಅವುಗಳಲ್ಲೊಂದು. ಆ ಬಿಡಿಭಾಗಗಳು ಕರ್ನಲ್ಲಿನ ಸಂಖ್ಯೆಯದೇ ಹೆಸರಿನ ಗೂಡಿನಲ್ಲಿ ಹೋಗಿ ಕೂರುತ್ತವೆ. ಬಾಲ ಹಾಕಿದ್ದರೆ ನನ್ನ ಕಟ್ಟಿಗೆ ಬೇರೆ ಗೂಡು ಸಿಗುತ್ತಿತ್ತು, ಹಳೆಯದು ಹಾಗೇ ಉಳಿಯುತ್ತಿತ್ತು. ಬಾಲ ಇಲ್ಲದ್ದರಿಂದ ನನ್ನವು ನೇರ ಹಳೆಯದರ ಗೂಡಿಗೆ ನುಗ್ಗಿ, ಓಡುತ್ತಿದ್ದ ಭಾಗಗಳ ಮೇಲೇ ಕೂತವು. ನಾನು ಹೆಸರು ಮುಚ್ಚಿಟ್ಟುಕೊಂಡ ಒಂದೇ ಕಾರಣಕ್ಕೆ ಸರಿಯಾಗಿದ್ದದ್ದೂ ಅಳಿಸಿಹೋಯಿತು. ಆಗ ನನಗಿದು ತಿಳಿಯಲಿಲ್ಲ. ಹೊಸ ಕರ್ನಲ್ ಅರ್ಧಕ್ಕೇ ನಿಂತಿತು. ಹಳೆಯದನ್ನು ಎಬ್ಬಿಸಿದೆ, ಅದರ ತಿರುಳು ಬೇರೆಡೆ ಇದ್ದದ್ದರಿಂದ ಎದ್ದಿತು. ಸದ್ಯ, ಬಚಾವು ಎಂದುಕೊಂಡು, ಆರು ಮೆಷೀನುಗಳ ಕಡೆ ಕಣ್ಣೂ ಹಾಕದೆ ಬೀಗ ಹಾಕಿ ಮನೆಗೆ ಹೋದೆ. ಊಟ ಮಾಡಿ ಸುಖವಾಗಿ ಮಲಗಿದೆ ಕೂಡ.

ಸೋಮವಾರ ಒಂಬತ್ತಕ್ಕೆ ಮೇಡಂ ಆರು ಮೆಷೀನುಗಳ ಗುಂಡಿ ಒತ್ತಿದರು. ಒಂದೂ ಏಳಲಿಲ್ಲ. ದೊಡ್ಡದರ ಮುಂದೆ ಕೂತು ಎರಡು ಮೂರು ಆಜ್ಞೆ ಕೊಟ್ಟು ನೋಡಿದರು. ಕಡತಗಳ ದಿನಾಂಕ ಭಾನುವಾರದ್ದು. ಸಂಖ್ಯೆಯ ಕೊನೆ ಬೋಳು. ಭಾನುವಾರ ಬೀಗದ ಕೈ ಯಾರ ಹತ್ತಿರ ಇತ್ತು ಎಂದು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ನನ್ನ ಕಡೆ ತಿರುಗದೆಯೇ ಮೆಲ್ಲಗೆ ಕೇಳಿದರು. "ಬಾಲ ಯಾಕಮ್ಮ ಹಾಕ್ಲಿಲ್ಲ?"

"ಯಾರ ಹೆಸ್ರು ಹಾಕೋದು ಅಂತ ಗೊತ್ತಾಗ್ಲಿಲ್ಲ ಮೇಡಂ."

ಅವರು ಉತ್ತರ ಕೊಡುವಷ್ಟರಲ್ಲಿ ಕಾರ್ಯದರ್ಶಿಗಳು ಪರೀಕ್ಷಕರನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದರು. ಕಪ್ಪು ಪರದೆಗಳನ್ನು ನೋಡಿದರು. ಮುಖ ಕೆಂಪಾಯಿತು. "ಯಾರು ಮಾಡಿದ್ದು ಇದು?" ಎಂದು ಕೂಗಿದ್ದು ಮೆಟ್ಟಿಲ ಮೇಲೆ ಕಾಯುತ್ತಿದ್ದ ಹುಡುಗಿಯರಿಗೂ ಕೇಳಿಸಿತು. ನನ್ನ ಮುಷ್ಟಿಯಲ್ಲಿ ಬೀಗದ ಕೈ ಇತ್ತು.

ಮೇಡಂಗೆ ಒಂದು ಮಾತು ಸಾಕಿತ್ತು. ಗೊತ್ತಿಲ್ಲ ಸಾರ್, ಇದಕ್ಕೆ ಬಾಲ ಇಲ್ಲ, ನಂದಲ್ಲ. ಅದು ಸತ್ಯವೂ ಆಗಿತ್ತು. ಅವರು ಹಾಗೆನ್ನಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ನಾನು ಹಚ್ಚಿದ್ದ ತೇಪೆಯನ್ನು ಬಿಚ್ಚಿ ಹಾಕಿದರು. ಆ ಕಡತ ತೆರೆದು, ನಾಲ್ಕನೆಯ ಸಾಲಿಗೆ ಹೋಗಿ, ಎಲ್ಲರೂ ನೋಡುತ್ತಿದ್ದ ಹಾಗೆ ತಮ್ಮ ಎರಡಕ್ಷರ ಒತ್ತಿದರು. ಪಕ್ಕದಲ್ಲಿ ಹನ್ನೆರಡು. ಪರದೆಯನ್ನು ಕಾರ್ಯದರ್ಶಿಗಳ ಕಡೆಗೆ ತಿರುಗಿಸಿದರು.

"ಇಲ್ಲಿದೆ ನೋಡಿ ಸಾರ್ ಹೆಸ್ರು. ಕೇಳೋದೆಲ್ಲ ನನ್ನ ಕೇಳಿ. ಮಧ್ಯಾಹ್ನದೊಳ್ಗೆ ಎಬ್ಬಿಸ್ಕೊಡ್ತೀನಿ, ಅಲ್ಲಿಗಂಟ ಯಾರೂ ಈ ಕುರ್ಚಿ ಹತ್ರ ಬರ್ಬೇಡಿ."

ಆ ದನಿಯನ್ನು ನಾನು ಆಮೇಲೆ ಯಾರಲ್ಲೂ ಕೇಳಿಲ್ಲ. ಹೊಸಿಲಾಚೆ ನಿಂತವರ ಮಗಳು ಹೊಸಿಲೊಳಗೆ ಕೂತು, ಹೊರಗೆ ನಿಂತ ದೊಡ್ಡ ಮನುಷ್ಯರಿಗೆ ಒಳಗೆ ಬರಬೇಡಿ ಎನ್ನುತ್ತಿದ್ದರು. ಕಾರ್ಯದರ್ಶಿಗಳು ನಿಜಕ್ಕೂ ಎರಡು ಹೆಜ್ಜೆ ಹಿಂದಕ್ಕೆ ಸರಿದರು.

ಹನ್ನೊಂದು ಗಂಟೆಗೆ ಕರೆಂಟ್ ಹೋಯಿತು. ಹೋಗದೆ ಇರುತ್ತದೆಯೇ! ಯು.ಪಿ.ಎಸ್. ಕಿರುಚತೊಡಗಿತು, ಅದಕ್ಕೆ ಹತ್ತು ನಿಮಿಷದ ಆಯುಸ್ಸು. ಕೆಳಗಿನ ಫಿಲೇಚರಿನಲ್ಲಿ ಗೂಡು ಬೇಯಿಸಿ ರೇಷ್ಮೆ ನೂಲು ಬಿಚ್ಚಿಸುತ್ತಿದ್ದ ಚಾಚಾ ಹತ್ತಿರ ಡೀಸೆಲ್ ಜನರೇಟರ್ ಇತ್ತು. ನಾನು ಇಳಿದು ಓಡಿದೆ. ಚಾಚಾ ಲುಂಗಿ ಎತ್ತಿ ಕಟ್ಟಿ, ನೂಲು ಬಿಚ್ಚುವ ಒಂದು ಬೇಸಿನ್ನಿನ ಮೋಟಾರು ಆರಿಸಿ, ಕಿಟಕಿಯಿಂದ ಒಂದು ತಂತಿ ಮೇಲಕ್ಕೆ ಎಸೆದರು. "ಗೂಡು ಒಂದು ಗಂಟೆ ಜಾಸ್ತಿ ಬೆಂದ್ರೂ ಚಿಂತೆ ಇಲ್ಲ ಬೇಟಿ, ನಿಮ್ ಮೇಡಂದು ನಿಲ್ಬಾರ್ದು" ಎಂದರು. ಆ ದಿನ ಬೆಂದು ಹಾಳಾದ ಗೂಡಿನ ವಾಸನೆ ಸಂಜೆಯವರೆಗೆ ನಮ್ಮ ಕೋಣೆಯಲ್ಲಿತ್ತು. ಈಗಲೂ ಶಿಡ್ಲಘಟ್ಟದಲ್ಲಿ ಇಳಿದರೆ ನನಗೆ ಬಡಿಯುವುದು ಅದೇ.

ಪರೀಕ್ಷಕರು ಮಧ್ಯಾಹ್ನ ಒಂದು ಗಂಟೆಯವರೆಗೆ ಕಾದು ಬಸ್ಸು ಹಿಡಿದರು. ಎರಡೂವರೆಗೆ ಆರೂ ಮೆಷೀನು ಎದ್ದವು. ನಲವತ್ತು ಹುಡುಗ ಹುಡುಗಿಯರಲ್ಲಿ ಒಬ್ಬರೂ ಮನೆಗೆ ಹೋಗಿರಲಿಲ್ಲ, ಮೆಟ್ಟಿಲ ಮೇಲೆಯೇ ಇದ್ದರು. ಚಪ್ಪಾಳೆ ಹೊಡೆದರು. ಪರೀಕ್ಷೆ ಮಾತ್ರ ಒಂದು ತಿಂಗಳು ಮುಂದೆ ಹೋಯಿತು. ಶನಿವಾರ ಮೇಡಂಗೆ ಇನ್ನು ಬರಬೇಕಾಗಿಲ್ಲ ಎಂಬ ಕಾಗದ ಬಂತು.

ನಾನು ಬಾಯಿ ಬಿಡಲಿಲ್ಲ. ಸೋಮವಾರವೂ ಇಲ್ಲ, ಶನಿವಾರವೂ ಇಲ್ಲ. ಕೆಲಸ ಹೋದರೆ ಮರುವಾರವೇ ಮನೆಗೆ ಗಂಡಿನ ಕಡೆಯವರು ಬರುತ್ತಿದ್ದರು. ಅದು ಕಾರಣ, ಕ್ಷಮೆಗೆ ಯೋಗ್ಯವಾದ ಕಾರಣವಲ್ಲ. ಬಸ್ ನಿಲ್ದಾಣದವರೆಗೆ ಅವರ ಚೀಲ ಹಿಡಿದುಕೊಂಡು ಹೋದೆ. ಅಳುತ್ತಿದ್ದೆ. "ಅಳೋದ್ಯಾಕೆ, ಬಿಡು. ನೀನು ಇಲ್ಲಿದ್ದು ಕಲಿ" ಎಂದರು. ಚೀಲದಿಂದ ಒಂದು ಫ್ಲಾಪಿ ತೆಗೆದು ಕೈಗಿಟ್ಟರು. ಮೇಲಿನ ಚೀಟಿಯಲ್ಲಿ ಅವರ ದುಂಡನೆಯ ಅಕ್ಷರ: ಎರಡು-ಎರಡು-ಹದಿಮೂರು, ಅಡ್ಡಗೆರೆ, ಆಮೇಲೆ ನನ್ನ ಹೆಸರಿನ ಎರಡಕ್ಷರ, ಒಂದು. "ನಿಂದು ಒಂದನೇದು. ಯಾವಾಗ ಧೈರ್ಯ ಬರ್ತದೋ ಆವಾಗ ಕಟ್ಟು" ಎಂದು ಬಸ್ಸು ಹತ್ತಿದರು.

ಸ್ಮರಣಸಂಚಿಕೆಯವರು ಇದೊಂದನ್ನು ಗಮನಿಸಿ. ಬೇಜವಾಬ್ದಾರಿ ಸಿಬ್ಬಂದಿಯನ್ನು ಕಳಿಸಿದ ಮೇಲೂ ನಿಮ್ಮ ಕೇಂದ್ರ ಒಂದು ವರ್ಷಕ್ಕೂ ಮಿಕ್ಕಿ ಓಡಿದ್ದು ಅವರ ಹನ್ನೆರಡನೆಯ ಕಟ್ಟಿನ ಮೇಲೆ. ಮುಂದೂಡಿದ ಪರೀಕ್ಷೆ ನಡೆದದ್ದೂ ಅದರ ಮೇಲೆಯೇ. ದಿನಾ ಬೆಳಿಗ್ಗೆ ಆರೂ ಪರದೆಗಳು ಏಳುವಾಗ ಸಂಖ್ಯೆಯ ಕೊನೆಯಲ್ಲಿ ಅವರ ಎರಡಕ್ಷರ ಹಾದುಹೋಗುತ್ತಿತ್ತು. ಕಾರ್ಯದರ್ಶಿಗಳಿಗೆ ಅದನ್ನು ಅಳಿಸಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಅಳಿಸು ಎಂದು ಅವರೇ ಒಮ್ಮೆ ಹೇಳಿದರು. "ಅದನ್ನ ತೆಗೆದ್ರೆ ಮೆಷೀನು ಏಳಲ್ಲ ಸಾರ್" ಎಂದು ಶುದ್ಧ ಸುಳ್ಳು ಹೇಳಿದೆ. ನನ್ನ ಬದುಕಿನಲ್ಲಿ ಹೆಮ್ಮೆಯಿಂದ ಹೇಳಿದ ಸುಳ್ಳು ಅದೊಂದೇ.

ಮೇಡಂಗೆ ಕಾಗದ ಬರೆಯಬೇಕೆಂದು ಎಷ್ಟೋ ಸಲ ಕೂತೆ. ತಪ್ಪು ಒಪ್ಪಿಕೊಂಡ ಮೇಲೆಯೇ ಅವರಿಗೆ ಮುಖ ತೋರಿಸಬೇಕು ಎನ್ನಿಸುತ್ತಿತ್ತು. ಒಪ್ಪಿಕೊಳ್ಳುವುದನ್ನು ಮುಂದಕ್ಕೆ ಹಾಕುತ್ತ ಹೋದೆ... ಎಷ್ಟೋ ವರ್ಷಗಳ ಮೇಲೆ ಒಂದು ದಿನ ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ, ಹಿಂದೆ ಕೇಂದ್ರಕ್ಕೆ ಬಂದು ನನ್ನನ್ನು ನೋಡಿದ್ದ ಅವರ ತಂಗಿ ಗುರುತು ಹಿಡಿದು ಮಾತನಾಡಿಸಿದರು. ಅಕ್ಕ ಹೇಗಿದ್ದಾರೆ ಎಂದೆ. "ಅಕ್ಕ ಹೋಗಿ ಎರಡು ವರ್ಷ ಆಯ್ತಲ್ಲಮ್ಮ, ನಿಂಗೆ ಗೊತ್ತೇ ಇಲ್ವಾ?" ಎಂದರು. ಕೊನೆಯವರೆಗೂ ಊರಿನ ಶಾಲೆಯಲ್ಲಿ ಮಕ್ಕಳಿಗೆ ಹಳೆಯ ಪೆಟ್ಟಿಗೆಗಳನ್ನು ಎಬ್ಬಿಸಿ ಕಲಿಸುತ್ತಿದ್ದರಂತೆ. ನನ್ನ ಬಸ್ಸು ಬಂತು, ಹೋಯಿತು. ನಾನು ಅಲ್ಲೇ ಕೂತಿದ್ದೆ.

ಈಗ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡುವ ಮೊದಲ ಪಾಠ ಆ ನಾಲ್ಕನೆಯ ಸಾಲು. ಅವರೆಲ್ಲ ಕಿಲಕಿಲ ನಗುತ್ತ ತಮ್ಮ ತಮ್ಮ ಅಕ್ಷರ ಒತ್ತುತ್ತಾರೆ. ಮೇಡಂ ಕೊಟ್ಟ ಫ್ಲಾಪಿ ಮೇಜಿನ ಮೇಲಿದೆ. ಓದುವ ಯಂತ್ರಗಳಿದ್ದ ಕಾಲದಲ್ಲಿ ತೆರೆಯುವ ಧೈರ್ಯ ಬರಲಿಲ್ಲ. ಅದನ್ನು ಓದುವ ಯಂತ್ರ ನಮ್ಮ ಕಾಲೇಜಿನಲ್ಲಿ ಒಂದೂ ಉಳಿದಿಲ್ಲ, ಒಳಗೆ ಅವರು ಏನು ಬರೆದಿದ್ದರೋ ನನಗೆ ಕೊನೆಗೂ ತಿಳಿಯಲಿಲ್ಲ. ಚೀಟಿಯ ಮೇಲಿನ ಶಾಯಿ ಮಾತ್ರ ಇನ್ನೂ ಓದಲು ಬರುತ್ತದೆ.

ಸಂಪಾದಕರೇ, ಪರೀಕ್ಷೆ ನಿಲ್ಲಿಸಿದ್ದು ನಾನು. ಆ ಇತಿಹಾಸದ ಸಾಲನ್ನು ತೆಗೆಯಬೇಡಿ, ತಿದ್ದಿ. ಸಿಬ್ಬಂದಿಯೊಬ್ಬರು ಎಂದಿರುವಲ್ಲಿ ನನ್ನ ಹೆಸರು ಬರೆಯಿರಿ, ಪೂರ್ತಿ ಬರೆಯಿರಿ. ಈ ಲೇಖನ ಹಾಕಿದರೆ ಹಾಕಿ, ಬಿಟ್ಟರೆ ಬಿಡಿ. ನೀವು ಹಾಕದಿದ್ದರೆ ನಾನೇ ಅಚ್ಚು ಹಾಕಿಸಿ ನಿಮ್ಮ ಗೇಟಿನಲ್ಲಿ ನಿಂತು ಹಂಚುತ್ತೇನೆ. ಕೆಳಗೆ ರುಜು ಮಾಡಿದ್ದೇನೆ. ಅದರ ಪಕ್ಕದಲ್ಲಿ ಒಂದು ಎಂದೂ ಬರೆದಿದ್ದೇನೆ, ಅದನ್ನು ಅಚ್ಚಿನ ತಪ್ಪೆಂದು ಹೊಡೆದು ಹಾಕಬೇಡಿ.